ಕಲ್ಪಿತ ಲೋಕದ ಇರುಳು: ಎಲ್ಡರ್ ಸ್ಕ್ರೋಲ್ಸ್ ಆಟಗಳಲ್ಲಿ ಬೆಳಕಿನ ಮಾರ್ಪಾಡುಗಳ ಚರಿತ್ರೆ

ಶಾಸನ, ನಾಣ್ಯ, ದಫ್ತರ, ಓಲೆಯ ಪ್ರತಿ ಮುಂತಾದವುಗಳನ್ನೇ ಆಕರಗಳೆಂದು ಎಣಿಸುತ್ತ ಬಂದಿರುವ ಇತಿಹಾಸದ ವಿದ್ಯಾರ್ಥಿಗೆ, ಗಣಕಯಂತ್ರದ ಆಟವೊಂದರಲ್ಲಿ ಬೆಳಕನ್ನು ಹೆಚ್ಚಿಸುವ ಅಥವಾ ತಗ್ಗಿಸುವ ಕ್ರಿಯೆಯೂ ಸಂಶೋಧನೆಗೆ ತಕ್ಕ ವಿಷಯವೆಂದರೆ ಮೊದಲಿಗೆ ನಗು ಬರಬಹುದು. ಆದರೆ ಕಳೆದ ಮೂರು ದಶಕಗಳಲ್ಲಿ ಕೋಟ್ಯಂತರ ಜನರು ತಮ್ಮ ಬಿಡುವಿನ ವೇಳೆಯನ್ನು ಕಳೆದಿರುವುದು ಇಂಥ ಕಲ್ಪಿತ ಲೋಕಗಳಲ್ಲಿ. ಆ ಲೋಕಗಳ ಹಗಲು ಹೇಗಿತ್ತು, ಇರುಳು ಹೇಗಿತ್ತು, ಅದನ್ನು ನಿರ್ಣಯಿಸಿದವರು ಯಾರು ಎಂಬ ಪ್ರಶ್ನೆಗಳನ್ನು ಮುಂದಿನ ಕಾಲದ ಚರಿತ್ರಕಾರನು ಕೇಳದೆ ಬಿಡಲಾರನು. ಕೇಳಿದಾಗ ಅವನಿಗೆ ಉತ್ತರ ದೊರೆಯುವಂತೆ ಆಧಾರಗಳು ಉಳಿದಿರುವುವೇ ಎಂಬುದು ಈಗಲೇ ವಿಚಾರಿಸಬೇಕಾದ ಸಂಗತಿ. ಪ್ರಸ್ತುತ ಲೇಖನದಲ್ಲಿ ಅಮೆರಿಕದ ಬೆಥೆಸ್ಡಾ ಸಂಸ್ಥೆಯವರು ಹೊರತಂದ ಎಲ್ಡರ್ ಸ್ಕ್ರೋಲ್ಸ್ ಎಂಬ ಆಟಗಳ ಮಾಲೆಯನ್ನು ಮುಖ್ಯವಾಗಿ ಆರಿಸಿಕೊಂಡಿದ್ದೇವೆ. ಈ ಮಾಲೆಯ ಆಟಗಳನ್ನು ಆಟಗಾರರೇ ತಿದ್ದಿ, ಬೆಳೆಸಿ, ಬೆಳಕನ್ನೂ ಕತ್ತಲೆಯನ್ನೂ ತಮ್ಮ ಇಚ್ಛೆಗೆ ತಕ್ಕಂತೆ ಮಾರ್ಪಡಿಸಿರುವಷ್ಟು ಬೇರೆಡೆ ವಿರಳವಾಗಿ ಕಾಣಬರುವುದೇ ಈ ಆಯ್ಕೆಗೆ ಕಾರಣ.

ವಿಷಯವನ್ನು ಪ್ರವೇಶಿಸುವ ಮೊದಲು ಕತ್ತಲೆಯಲ್ಲಿ ಎರಡು ಬಗೆಗಳನ್ನು ವಿಂಗಡಿಸಿಕೊಳ್ಳುವುದು ಅವಶ್ಯಕ. ಒಂದನ್ನು ನಿಯಮದ ಕತ್ತಲೆ ಎಂದೂ ಇನ್ನೊಂದನ್ನು ನೋಟದ ಕತ್ತಲೆ ಎಂದೂ ಕರೆಯೋಣ. ವಿಲ್ ಕ್ರೌಥರ್ ಎಂಬಾತನು 1976ರ ಸುಮಾರಿಗೆ ರಚಿಸಿ, ಡಾನ್ ವುಡ್ಸ್ ಎಂಬಾತನು 1977ರಲ್ಲಿ ವಿಸ್ತರಿಸಿದ ಅಡ್ವೆಂಚರ್ ಎಂಬ ಆಟದಲ್ಲಿ ಚಿತ್ರವೆಂಬುದೇ ಇರಲಿಲ್ಲ; ಎಲ್ಲವೂ ಅಕ್ಷರಗಳ ಮೂಲಕ ನಡೆಯುತ್ತಿತ್ತು. ಆದರೂ ಅದರಲ್ಲಿ ಗುಹೆಯಿದ್ದಿತು, ದೀಪವಿದ್ದಿತು. ದೀಪವಿಲ್ಲದೆ ಒಳಹೊಕ್ಕವನಿಗೆ ಯಂತ್ರವು ಇಲ್ಲಿ ಕತ್ತಲೆಯಿದೆಯೆಂದು ತಿಳಿಸುತ್ತಿತ್ತೇ ಹೊರತು ತೆರೆಯ ಮೇಲೆ ಏನೂ ಕಪ್ಪಾಗುತ್ತಿರಲಿಲ್ಲ. ಕೆಲಕಾಲಾನಂತರ ಬಂದ ಜೋರ್ಕ್ ಎಂಬ ಆಟದಲ್ಲಿಯೂ ಇದೇ ಕ್ರಮವನ್ನು ಕಾಣುತ್ತೇವೆ. 1981ರ ವಿಝರ್ಡ್ರಿಯಲ್ಲಿ ಮಿಲ್ವಾ ಎಂಬ ಮಂತ್ರವನ್ನು ಹಾಕಿದರೆ ನೆಲಮಾಳಿಗೆಯಲ್ಲಿ ಇನ್ನಷ್ಟು ದೂರ ಕಾಣುತ್ತಿತ್ತು, ಗುಪ್ತದ್ವಾರಗಳು ಗೋಚರವಾಗುತ್ತಿದ್ದುವು. ಇವೆಲ್ಲವೂ ನಿಯಮದ ಕತ್ತಲೆಗಳು. ಆಟಗಾರನು ತನ್ನ ತೆರೆಯ ಹೊಳಪಿನ ತಿರುಪನ್ನು ಎಷ್ಟೇ ತಿರುಗಿಸಿದರೂ ಇಂಥ ಕತ್ತಲೆ ಕರಗುವುದಿಲ್ಲ. ಕತ್ತಲೆಯನ್ನು ಅಕ್ಷರ ಅಥವಾ ನಿಯಮಗಳ ಬದಲು ಬಣ್ಣದ ಚುಕ್ಕೆಗಳಿಂದ ತೋರಿಸಲು ತೊಡಗಿದ ದಿನದಿಂದ ಈ ಸ್ಥಿತಿ ಬದಲಾಯಿತು. ಅಂದಿನಿಂದ ಆಟಗಾರನ ಕೋಣೆಯ ಕಿಟಕಿ, ಅವನ ತೆರೆಯ ವಯಸ್ಸು, ಅವನ ಕಣ್ಣಿನ ಶಕ್ತಿ ಇವೆಲ್ಲವೂ ಆಟದ ನಿಯಮಗಳೊಳಗೆ ಪ್ರವೇಶಿಸಿದುವೆಂದು ಹೇಳಬಹುದು.

ಈ ಪರಿವರ್ತನೆಯ ಘಟ್ಟವನ್ನು ಗುರುತಿಸಲು 1993ರ ಡೂಮ್ ಆಟವು ಅನುಕೂಲವಾದ ನಿದರ್ಶನ. ಅದರಲ್ಲಿ ನೆಲದ ಪ್ರತಿಯೊಂದು ಖಂಡಕ್ಕೂ 0ಯಿಂದ 255ರವರೆಗಿನ ಒಂದು ಬೆಳಕಿನ ಅಂಕವನ್ನು ಕೊಡಲಾಗಿತ್ತು. ಒಂದೇ ಬಣ್ಣವನ್ನು ಬೇರೆ ಬೇರೆ ಮಬ್ಬಿನಲ್ಲಿ ತೋರಿಸಲು 32 ಕೋಷ್ಟಕಗಳನ್ನು ಮೊದಲೇ ಸಿದ್ಧಪಡಿಸಿ ಇಟ್ಟಿದ್ದರು. ದೂರ ಹೋದಷ್ಟೂ ಹೆಚ್ಚು ಮಬ್ಬಾದ ಕೋಷ್ಟಕವನ್ನು ಯಂತ್ರವು ಆರಿಸಿಕೊಳ್ಳುತ್ತಿತ್ತು. ಇದರ ಜೊತೆಗೆ ಕೀಲಿಮಣೆಯ ಎಫ್ 11 ಎಂಬ ಒಂದೇ ಕೀಲಿಯನ್ನು ಒತ್ತಿ ತೆರೆಯ ಹೊಳಪನ್ನು ಐದು ಹಂತಗಳಲ್ಲಿ ಬದಲಾಯಿಸುವ ಸೌಕರ್ಯವನ್ನು ಒದಗಿಸಿದ್ದುದು ವಿಶೇಷವಾಗಿ ಗಮನಾರ್ಹ. ಕತ್ತಲೆಯನ್ನು ಕಟ್ಟಿದವರೇ ಅದನ್ನು ಕೆಡಹುವ ಸಾಧನವನ್ನೂ ಆಟಗಾರನ ಕೈಗೆ ಕೊಟ್ಟಂತಾಯಿತು. ಮನೆಮನೆಯ ತೆರೆಗಳು ಒಂದರಂತೆ ಒಂದಿರಲಿಲ್ಲವಾದುದರಿಂದ ಹಾಗೆ ಮಾಡದೆ ಗತ್ಯಂತರವೂ ಇರಲಿಲ್ಲ. ಡೂಮ್ ಆಟದ ಯಂತ್ರಭಾಗವನ್ನೇ ಬಳಸಿಕೊಂಡು ರೇವನ್ ಸಂಸ್ಥೆಯವರು 1994ರಲ್ಲಿ ಹೆರೆಟಿಕ್ ಎಂಬ ಮಾಂತ್ರಿಕ ಕಥಾವಸ್ತುವಿನ ಆಟವನ್ನು ರಚಿಸಿದರು. ಅದರಲ್ಲಿ ಪಂಜು ಎಂಬುದು ಆಟಗಾರನು ಕಷ್ಟಪಟ್ಟು ಸಂಪಾದಿಸಿ, ಉಳಿಸಿ, ತಕ್ಕ ಸಮಯದಲ್ಲಿ ಉಪಯೋಗಿಸಬೇಕಾದ ಒಂದು ಪದಾರ್ಥ. ಪಂಜಿನ ಬೆಲೆ ನಿಂತಿರುವುದು ಕತ್ತಲೆಯ ಮೇಲೆ. ಹೊಳಪಿನ ಕೀಲಿಯನ್ನು ಮೂರು ಸಲ ಒತ್ತಿದವನಿಗೆ ಪಂಜಿನ ಅಗತ್ಯವೇ ಬೀಳುವುದಿಲ್ಲ. ಮುಂದೆ ಮೂವತ್ತು ವರ್ಷಗಳ ಕಾಲ ನಡೆದ ವಾದವೆಲ್ಲ ಈ ಸಣ್ಣ ವಿರೋಧದಲ್ಲಿ ಬೀಜರೂಪವಾಗಿ ಅಡಗಿದೆ.

ಹೊಳಪಿನ ಈ ಹೊಂದಾಣಿಕೆಗೆ ಗ್ಯಾಮಾ ಎಂದು ಹೆಸರು. ಅದರ ತತ್ತ್ವವನ್ನು ಅರಿಯದೆ ಮುಂದಿನ ವಿಚಾರವು ಸ್ಪಷ್ಟವಾಗಲಾರದು. ಹಳೆಯ ಗಾಜಿನ ಕೊಳವೆಯ ತೆರೆಗಳಲ್ಲಿ, ಒಳಗೆ ಕಳಿಸಿದ ಸಂಕೇತವನ್ನು ಎರಡರಷ್ಟು ಮಾಡಿದರೆ ಬೆಳಕು ಎರಡರಷ್ಟು ಆಗುತ್ತಿರಲಿಲ್ಲ. ಸಂಕೇತದ ಸುಮಾರು 2.2ರಿಂದ 2.5ರ ಘಾತಕ್ಕೆ ಅನುಗುಣವಾಗಿ ಏರುತ್ತಿತ್ತು. ಘಾತವು 2.2 ಎಂದಿಟ್ಟುಕೊಂಡರೆ, ಅರ್ಧ ಸಂಕೇತಕ್ಕೆ ದೊರೆಯುವುದು ಪೂರ್ಣ ಬೆಳಕಿನ ಶೇಕಡ 22 ಮಾತ್ರ. ಹತ್ತನೆಯ ಒಂದು ಪಾಲು ಸಂಕೇತಕ್ಕೆ ದೊರೆಯುವುದು ಶೇಕಡ 0.6ರಷ್ಟು. ಮನುಷ್ಯನ ಕಣ್ಣು ಕತ್ತಲೆಯ ಸೂಕ್ಷ್ಮ ಭೇದಗಳನ್ನು ಬೆಳಕಿನ ಭೇದಗಳಿಗಿಂತ ಚೆನ್ನಾಗಿ ಗ್ರಹಿಸುತ್ತದೆಯಾದುದರಿಂದ ಈ ವಕ್ರತೆಯು ಒಂದು ರೀತಿಯಲ್ಲಿ ಉಪಕಾರಿಯೇ ಆಯಿತು. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ಸೇರಿ ಎಸ್‌ಆರ್‌ಜಿಬಿ ಎಂಬ ಬಣ್ಣದ ಮಾನವನ್ನು ಸೂಚಿಸಿದುವು. 1999ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಅದು ಸರಿಸುಮಾರು 2.2ರ ಘಾತವನ್ನೇ ಅನುಸರಿಸುತ್ತದೆ. ಆದರೆ ಆ್ಯಪಲ್ ಸಂಸ್ಥೆಯ ಮ್ಯಾಕಿಂಟಾಷ್ ಗಣಕಗಳಲ್ಲಿ 2009ರವರೆಗೆ 1.8ರ ರೂಢಿಯಿದ್ದಿತು. ಆದಕಾರಣ ಒಂದೇ ಚಿತ್ರವು ಒಂದು ಮನೆಯಲ್ಲಿ ಸಂಜೆಯಂತೆಯೂ ಇನ್ನೊಂದು ಮನೆಯಲ್ಲಿ ನಡುರಾತ್ರಿಯಂತೆಯೂ ಕಾಣುವುದು ಸಾಧ್ಯವಿದ್ದಿತು.

ಇನ್ನು ಆಟಗಾರನು ಹೊಳಪಿನ ಪಟ್ಟಿಯನ್ನು ಸರಿಸಿದಾಗ ಏನಾಗುತ್ತದೆಂಬುದನ್ನು ಲೆಕ್ಕದಿಂದಲೇ ನೋಡೋಣ. ಅವನು 1.5ರಷ್ಟು ಗ್ಯಾಮಾ ತಿದ್ದುಪಡಿಯನ್ನು ಆರಿಸಿದನೆನ್ನೋಣ. ಹತ್ತನೆಯ ಒಂದು ಪಾಲಿನ ಸಂಕೇತವಿದ್ದ ಕತ್ತಲೆಯ ಮೂಲೆ ಶೇಕಡ 0.6ರ ಬೆಳಕಿನಿಂದ ಶೇಕಡ 3.4ಕ್ಕೆ, ಎಂದರೆ ಐದು ಪಟ್ಟಿಗಿಂತ ಹೆಚ್ಚಾಗಿ, ಏರುತ್ತದೆ. ಹತ್ತರಲ್ಲಿ ಒಂಬತ್ತು ಪಾಲು ಸಂಕೇತವಿದ್ದ ದೀಪದ ಕುಡಿಯಾದರೋ ಶೇಕಡ 79ರಿಂದ 86ಕ್ಕೆ ಮಾತ್ರ ಹೋಗುತ್ತದೆ. ದೀಪಕ್ಕೂ ಮೂಲೆಗೂ ಮೊದಲು ಇದ್ದ ಸುಮಾರು 126 ಪಟ್ಟು ಅಂತರವು 25 ಪಟ್ಟಿಗೆ ಇಳಿಯಿತು. ಹೀಗೆ ಗ್ಯಾಮಾ ಎಂಬುದು ಕೋಣೆಗೆ ಇನ್ನೊಂದು ದೀಪವನ್ನು ತಂದಿಟ್ಟಂತಲ್ಲ. ದೀಪಕ್ಕೂ ನೆರಳಿಗೂ ಇರುವ ಸಂಬಂಧವನ್ನೇ ಸಡಿಲಿಸುವ ಕ್ರಿಯೆ. ಕತ್ತಲೆಯು ನಿವಾರಣೆಯಾಗುವುದಕ್ಕಿಂತ ಹೆಚ್ಚಾಗಿ ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಇದನ್ನು ಮನಗಂಡ ಆಟಗಾರರೇ ಪಟ್ಟಿಯನ್ನು ಬಿಟ್ಟು ಆಟದ ಒಳಗಿನ ದೀಪಗಳನ್ನು ತಿದ್ದಲು ಹೊರಟರೆಂಬುದು ನಮ್ಮ ಅಭಿಪ್ರಾಯ.

ಎಲ್ಡರ್ ಸ್ಕ್ರೋಲ್ಸ್ ಮಾಲೆಯ ಮೊದಲ ಆಟ ಅರೆನಾ 1994ರಲ್ಲಿಯೂ ಎರಡನೆಯದಾದ ಡ್ಯಾಗರ್‌ಫಾಲ್ 1996ರಲ್ಲಿಯೂ ಹೊರಬಂದುವು. ನಮ್ಮ ವಿಷಯಕ್ಕೆ ಮುಖ್ಯವಾದುದು 2002ರ ಮಾರೋವಿಂಡ್. ಅದರೊಡನೆ ಆಟವನ್ನು ತಿದ್ದುವ ಕನ್ಸ್‌ಟ್ರಕ್ಷನ್ ಸೆಟ್ ಎಂಬ ಉಪಕರಣವನ್ನೂ ಸಂಸ್ಥೆಯವರು ಕೊಟ್ಟರು. ಮನೆ, ಗುಹೆ, ಸಮಾಧಿ ಮುಂತಾದ ಪ್ರತಿಯೊಂದು ಒಳಾಂಗಣಕ್ಕೂ ಆಂಬಿಯೆಂಟ್ ಎಂಬ ಹರಡಿದ ಬೆಳಕಿನ ಬಣ್ಣ, ಸೂರ್ಯನ ಬೆಳಕಿನ ಬಣ್ಣ, ಮಂಜಿನ ಬಣ್ಣ, ಮಂಜಿನ ದಟ್ಟತೆ ಎಂಬ ಅಂಕಗಳಿದ್ದುವು. ಹೊರಾಂಗಣದ ಹವೆಯ ಬಣ್ಣಗಳನ್ನಂತೂ ಯಾರು ಬೇಕಾದರೂ ತೆರೆದು ಓದಬಹುದಾದ ಒಂದು ಸಾಮಾನ್ಯ ಅಕ್ಷರಕಡತದಲ್ಲಿ ಬರೆದಿಟ್ಟಿದ್ದರು. ನಿರ್ಮಲವಾದ ಹವೆಯಲ್ಲಿ ಹಗಲಿನ ಹರಡಿದ ಬೆಳಕಿಗೆ ಕೆಂಪು 137, ಹಸಿರು 140, ನೀಲಿ 160 ಎಂದೂ, ಇರುಳಿಗೆ 32, 35, 42 ಎಂದೂ ಅದರಲ್ಲಿ ಕಾಣಬರುತ್ತದೆ. ಅಂಕಗಳನ್ನು ಮಾತ್ರ ನೋಡಿದರೆ ಇರುಳು ಹಗಲಿನ ನಾಲ್ಕನೆಯ ಒಂದು ಪಾಲು. ತೆರೆಯ ಘಾತವನ್ನು ಲೆಕ್ಕಕ್ಕೆ ಹಿಡಿದರೆ ಇಪ್ಪತ್ತನೆಯ ಒಂದು ಪಾಲಿಗೂ ಕಡಮೆ. ಇರುಳಿನ ಅಂಕಗಳಲ್ಲಿಯೂ ನೀಲಿಯೇ ಮೇಲಾಗಿರುವುದು ಚಿತ್ರಕಾರರ ಹಳೆಯ ರೂಢಿಯನ್ನು ನೆನಪಿಗೆ ತರುತ್ತದೆ. ರಾಜ್ಯವೊಂದರ ಇರುಳನ್ನು ಒಂದು ಸಾಲಿನಲ್ಲಿ ಬರೆದು, ಆ ಸಾಲನ್ನು ಅಳಿಸುವ ಅಧಿಕಾರವನ್ನೂ ಪ್ರಜೆಗಳಿಗೆ ಕೊಟ್ಟ ನಿದರ್ಶನ ಚರಿತ್ರೆಯಲ್ಲಿ ಬೇರೆ ಇರಲಾರದು.

ಪ್ರಜೆಗಳು ಆ ಅಧಿಕಾರವನ್ನು ಚಲಾಯಿಸದೆ ಬಿಡಲಿಲ್ಲ. ಆಶ್ಚರ್ಯವೆಂದರೆ, ಬೆಳಕನ್ನು ಹೆಚ್ಚಿಸುವುದಕ್ಕಿಂತ ತಗ್ಗಿಸುವುದಕ್ಕೇ ಹೆಚ್ಚು ಶ್ರಮ ವ್ಯಯವಾಯಿತು. ಮಾರೋವಿಂಡಿಗೆ ಟ್ರೂ ಲೈಟ್ಸ್ ಅಂಡ್ ಡಾರ್ಕ್‌ನೆಸ್ ಎಂಬ ಮಾರ್ಪಾಡು ಬಂದಿತು. 2006ರಲ್ಲಿ ಪ್ರಕಟವಾದ ಒಬ್ಲಿವಿಯನ್ ಆಟಕ್ಕೆ ಲೆಟ್ ದೇರ್ ಬಿ ಡಾರ್ಕ್‌ನೆಸ್ ಎಂಬುದು ಬಂದಿತು. ಬೈಬಲಿನ ಪ್ರಸಿದ್ಧವಾದ ಮಾತೊಂದನ್ನು ತಲೆಕೆಳಗು ಮಾಡಿದ ಈ ಎರಡನೆಯ ಹೆಸರೇ ಕರ್ತೃವಿನ ಉದ್ದೇಶವನ್ನು ಸಾರುತ್ತದೆ. ದೀಪವಿಲ್ಲದ ಗುಹೆ ಕತ್ತಲೆಯಾಗಿಯೇ ಇರಬೇಕು, ದೀಪವಿದ್ದಲ್ಲಿ ಮಾತ್ರ ಬೆಳಕಿರಬೇಕು ಎಂಬುದು ಇಂಥವರ ವಾದದ ಸಾರ. ಇದಕ್ಕೆ ಬರಿಯ ಚೆಲುವಿನ ಮೋಹವಷ್ಟೇ ಕಾರಣವೆಂದು ತಿಳಿಯಬಾರದು. ಈ ಆಟಗಳಲ್ಲಿ ಖಜೀತ್ ಎಂಬ ಬೆಕ್ಕಿನ ಮೋರೆಯ ಜನಾಂಗಕ್ಕೆ ಇರುಳಿನಲ್ಲಿ ಕಾಣುವ ಹುಟ್ಟುಶಕ್ತಿಯುಂಟು. ಸ್ಕೈರಿಮ್ ಆಟದಲ್ಲಿ ಅದಕ್ಕೆ ನೈಟ್ ಐ ಎಂದು ಹೆಸರು. (ಕನ್ನಡದಲ್ಲಿ ಇರುಳುಗಣ್ಣು ಎಂದರೆ ತದ್ವಿರುದ್ಧವಾದ ಅರ್ಥ ಬರುವುದರಿಂದ ಆ ಹೆಸರನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ.) ಅದೇ ಸ್ಕೈರಿಮಿನಲ್ಲಿ ಪಂಜೊಂದು ನಾಲ್ಕು ನಿಮಿಷ ಉರಿಯುತ್ತದೆ, ಕ್ಯಾಂಡಲ್‌ಲೈಟ್ ಎಂಬ ಮಂತ್ರದ ಬೆಳಕು 60 ಸೆಕೆಂಡು ಇರುತ್ತದೆ. ಆಟದ ಕಾಲವು ನಮ್ಮ ಕಾಲಕ್ಕಿಂತ ಇಪ್ಪತ್ತು ಪಟ್ಟು ವೇಗವಾಗಿ ಓಡುವುದರಿಂದ ನಾಲ್ಕು ನಿಮಿಷದ ಪಂಜು ಆ ಲೋಕದಲ್ಲಿ 80 ನಿಮಿಷ ಉರಿದಂತೆ. ಕಾಡುದಾರಿಯ ಪಯಣಕ್ಕೆ ಸಾಲುವಷ್ಟು ನ್ಯಾಯವಾದ ಅಳತೆಯೇ. ಹೀಗೆ ಪಂಜು, ಮಂತ್ರ, ಜನಾಂಗಶಕ್ತಿ ಎಂದು ಒಂದು ವ್ಯವಸ್ಥೆಯನ್ನೇ ಕಟ್ಟಿಟ್ಟು, ಬಳಿಕ ಇರುಳಿನಲ್ಲಿ ಪಂಜಿಲ್ಲದೆಯೇ ದಾರಿ ಕಾಣುವಷ್ಟು ಬೆಳಕನ್ನೂ ಹರಡಿಬಿಟ್ಟರೆ ಆ ವ್ಯವಸ್ಥೆಗೆ ಅರ್ಥವುಳಿಯುವುದೆಂತು? ಕತ್ತಲೆಯನ್ನು ಬಯಸಿದವರು ಆಟದ ನಿಯಮಗಳಿಗೆ ಅವುಗಳ ಬೆಲೆಯನ್ನು ಮರಳಿ ತಂದುಕೊಡುತ್ತಿದ್ದರು.

ಹಾಗಾದರೆ ಸಂಸ್ಥೆಯವರು ಅಷ್ಟು ಬೆಳಕನ್ನೇಕೆ ಹರಡಿದರು? ಅದಕ್ಕೆ ಯಂತ್ರದ ಮಿತಿಯೇ ಮುಖ್ಯ ಕಾರಣವೆಂದು ತೋರುತ್ತದೆ. ಮಾರೋವಿಂಡಿನ ಕಾಲದ ಚಿತ್ರಯಂತ್ರಗಳಲ್ಲಿ ಒಂದು ವಸ್ತುವಿನ ಮೇಲೆ ಎಂಟಕ್ಕಿಂತ ಹೆಚ್ಚು ದೀಪಗಳ ಬೆಳಕನ್ನು ಒಮ್ಮೆಗೆ ಲೆಕ್ಕಹಾಕುವಂತಿರಲಿಲ್ಲ. ನವೆಂಬರ್ 11, 2011ರಂದು ಹೊರಬಂದ ಸ್ಕೈರಿಮಿನಲ್ಲಿಯೂ ನೆರಳನ್ನು ಬೀಳಿಸಬಲ್ಲ ದೀಪಗಳು ಒಂದೆಡೆ ಕೆಲವು ಮಾತ್ರ ಇರಬಹುದಾಗಿತ್ತು. ಉಳಿದ ದೀಪಗಳ ಬೆಳಕು ಗೋಡೆಯನ್ನು ಹಾದು ಪಕ್ಕದ ಕೋಣೆಗೂ ಬೀಳುತ್ತಿತ್ತು. ಆ ಆಟವು ವೈಯಕ್ತಿಕ ಗಣಕಗಳಿಗೆ ಮಾತ್ರವಲ್ಲದೆ 2005 ಮತ್ತು 2006ರಲ್ಲಿ ಬಂದಿದ್ದ ಎಕ್ಸ್‌ಬಾಕ್ಸ್ 360 ಮತ್ತು ಪ್ಲೇಸ್ಟೇಷನ್ 3 ಎಂಬ ಯಂತ್ರಗಳಿಗೂ ಒಗ್ಗಬೇಕಾಗಿತ್ತು. ದೂರದಲ್ಲಿ ಕುಳಿತು, ಹಗಲಿನಲ್ಲಿ, ಕೂಡುಕೋಣೆಯ ದೂರದರ್ಶನದಲ್ಲಿ ಆಡುವವನನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕಾಗಿತ್ತು. ಆದುದರಿಂದ ಹಲವು ಕೋಣೆಗಳಲ್ಲಿ ಯಾವ ದೀಪದಿಂದಲೂ ಹೊರಡದ ಬೆಳಕನ್ನು ಅಲ್ಲಲ್ಲಿ ಇಟ್ಟು, ಮೇಲೆ ಹರಡಿದ ಬೆಳಕನ್ನೂ ಏರಿಸಿದರು. ಮೂಲವಿಲ್ಲದ ಈ ಬೆಳಕೇ ಮುಂದಿನ ತಿದ್ದುಪಡಿಕಾರರ ಗುರಿಯಾಯಿತು.

ಫೆಬ್ರುವರಿ 2012ರಲ್ಲಿ ಸ್ಕೈರಿಮಿಗೆ ಕ್ರಿಯೇಷನ್ ಕಿಟ್ ಎಂಬ ಉಪಕರಣವು ದೊರೆತೊಡನೆ ಕೆಲಸವು ಭರದಿಂದ ಸಾಗಿತು. ರಿಯಲಿಸ್ಟಿಕ್ ಲೈಟಿಂಗ್ ಓವರ್‌ಹಾಲ್ ಮತ್ತು ಎನ್‌ಹಾನ್ಸ್ಡ್ ಲೈಟ್ಸ್ ಅಂಡ್ ಎಫ್‌ಎಕ್ಸ್ ಎಂಬ ಎರಡು ಪ್ರಸಿದ್ಧ ಮಾರ್ಪಾಡುಗಳ ರೀತಿ ಬೇರೆಬೇರೆಯಾದರೂ ತತ್ತ್ವವು ಒಂದೇ: ಮೂಲವಿಲ್ಲದ ಬೆಳಕನ್ನು ತೆಗೆದುಹಾಕಿ, ಒಲೆ, ಮೇಣದಬತ್ತಿ, ಕಿಟಕಿ ಇದ್ದಲ್ಲಿಗೆ ಬೆಳಕನ್ನು ಸರಿಸುವುದು. ಎರಡನೆಯದರಲ್ಲಿ ಇನ್ನೂ ಕಡುಕತ್ತಲೆಯನ್ನು ಬಯಸುವವರಿಗಾಗಿ ಹಾರ್ಡ್‌ಕೋರ್ ಎಂಬ ಪ್ರತ್ಯೇಕ ಭಾಗವನ್ನೇ ಸೇರಿಸಿದ್ದರು. ಹೊರಾಂಗಣದ ಹವೆ, ಮೋಡ, ಇರುಳುಗಳಿಗೆ ಕ್ಲೈಮೇಟ್ಸ್ ಆಫ್ ಟ್ಯಾಮ್ರಿಯೆಲ್ ಎಂಬುದು ಬಹಳ ಕಾಲ ಪ್ರಚಾರದಲ್ಲಿದ್ದಿತು. ಇವುಗಳ ಮೇಲೆ ರಷ್ಯದ ಬೋರಿಸ್ ವೊರೊಂಟ್ಸೊವ್ ಎಂಬಾತನು ರಚಿಸಿದ ಇಎನ್‌ಬಿ ಎಂಬ ಸಾಧನವು ಇನ್ನೊಂದು ಪದರವಾಗಿ ಕುಳಿತುಕೊಂಡಿತು. ಇದು ಆಟದ ದತ್ತಾಂಶವನ್ನು ಮುಟ್ಟದೆ, ಆಟಕ್ಕೂ ಚಿತ್ರಯಂತ್ರಕ್ಕೂ ನಡುವೆ ನಿಂತು, ಹಾದುಹೋಗುವ ಚಿತ್ರವನ್ನೇ ಮಾರ್ಪಡಿಸುತ್ತದೆ. ಸೂರ್ಯೋದಯ, ಹಗಲು, ಸೂರ್ಯಾಸ್ತ, ಇರುಳು, ಒಳಾಂಗಣದ ಹಗಲು, ಒಳಾಂಗಣದ ಇರುಳು ಎಂದು ವಿಂಗಡಿಸಿ ನೇರಬೆಳಕಿಗೂ ಹರಡಿದ ಬೆಳಕಿಗೂ ಬೇರೆಬೇರೆ ಅಂಕಗಳನ್ನು ಅದರ ಕಡತದಲ್ಲಿ ಬರೆಯಬಹುದು. ನಮ್ಮ ಪಂಚಾಂಗದವರು ದಿನವನ್ನು ಗಳಿಗೆಗಳಾಗಿ ಹಂಚಿದಂತೆ ಇವರು ಬೆಳಕನ್ನು ಹಂಚಿಕೊಂಡರೆನ್ನಬೇಕು.

ಇಲ್ಲಿ ಗ್ರಂಥಸಂಪಾದನೆಯ ಪರಿಭಾಷೆ ನಮ್ಮ ನೆರವಿಗೆ ಬರುತ್ತದೆ. ಮಾರ್ಪಾಡೆಂದರೆ ಮೂಲಪಾಠದೊಳಗೆ ಸೇರಿದ ಪ್ರಕ್ಷೇಪ. ಆದರೆ ಓಲೆಯ ಪ್ರತಿಯಲ್ಲಿ ಪ್ರಕ್ಷೇಪವು ಮೂಲದೊಡನೆ ಬೆರೆತು ಗುರುತು ಸಿಕ್ಕದಂತಾಗುವುದುಂಟು, ಇಲ್ಲಿ ಹಾಗಿಲ್ಲ. ಮೂಲದ ಕಡತವು ಹಾಗೆಯೇ ಉಳಿದು, ಮಾರ್ಪಾಡಿನ ಕಡತವು ಅದರ ಮೇಲೆ ಓದಲ್ಪಡುತ್ತದೆ. ಒಂದೇ ಕೋಣೆಯ ಬೆಳಕನ್ನು ಎರಡು ಮಾರ್ಪಾಡುಗಳು ತಿದ್ದಿದ್ದರೆ ಕೊನೆಯಲ್ಲಿ ಓದಿದ ಕಡತದ ಮಾತೇ ನಡೆಯುತ್ತದೆ. ಮೊದಲಿನದು ಮೌನವಾಗಿ ಅಡಗುತ್ತದೆ. ಆದುದರಿಂದ ಯಾವ ಮಾರ್ಪಾಡುಗಳಿದ್ದುವು ಎಂಬ ಪಟ್ಟಿಯಿದ್ದರೆ ಸಾಲದು. ಅವು ಯಾವ ಅನುಕ್ರಮದಲ್ಲಿ ನಿಂತಿದ್ದುವೆಂಬುದೂ ತಿಳಿಯಬೇಕು. ಹೀಗೆ ಒಬ್ಬನು ಬೆಳಕನ್ನು ತಗ್ಗಿಸಿದ ಕೋಣೆಯಲ್ಲಿ ಇನ್ನೊಬ್ಬನ ಹವೆಯ ಕಡತವೂ ಮತ್ತೊಬ್ಬನ ಇಎನ್‌ಬಿ ಅಂಕಗಳೂ ಮತ್ತೆ ತಗ್ಗಿಸಿದರೆ ಏನಾಗುತ್ತದೆ? ಕಣ್ಣಿಗೆ ಏನೂ ಕಾಣದಂತಾಗುತ್ತದೆ. ಮೂವರೂ ತಮ್ಮ ತಮ್ಮ ಮಟ್ಟಿಗೆ ಮಿತವನ್ನೇ ಪಾಲಿಸಿದ್ದರು, ಅತಿಯಾದುದು ಕೂಡಿಕೆಯಿಂದ. ಇಂಥ ಸ್ಥಿತಿಯಲ್ಲಿ ಆಟಗಾರನು ಹುಡುಕಬೇಕಾದುದು ಅನುಕ್ರಮದ ದೋಷವನ್ನು. ಆದರೆ ಕೈಗೆ ಸುಲಭವಾಗಿ ಸಿಕ್ಕುವುದು ಹೊಳಪಿನ ಪಟ್ಟಿ. ಅದನ್ನು ಏರಿಸಿದೊಡನೆ, ಮೇಲಿನ ಲೆಕ್ಕದಂತೆ, ಮೂವರು ಕರ್ತೃಗಳ ಶ್ರಮವೂ ಬೂದಿಬಣ್ಣದಲ್ಲಿ ಲಯವಾಗುತ್ತದೆ. ತೆರೆಗೆ ಪ್ರತಿಯೊಂದು ಬಣ್ಣದಲ್ಲಿ 256 ಮೆಟ್ಟಿಲುಗಳು ಮಾತ್ರ ಇದ್ದ ಕಾಲದಲ್ಲಿ ಇನ್ನೊಂದು ವಿಪತ್ತೂ ಇದ್ದಿತು: ಕಡುಕತ್ತಲೆಯ ಚಿತ್ರವೆಲ್ಲ ಕೆಳಗಿನ ಇಪ್ಪತ್ತು ಮೂವತ್ತು ಮೆಟ್ಟಿಲುಗಳಲ್ಲಿಯೇ ಇರಬೇಕಾಗಿದ್ದುದರಿಂದ, ಅದನ್ನು ಹಿಗ್ಗಿಸಿದಾಗ ನೆರಳು ಪಟ್ಟೆಪಟ್ಟೆಯಾಗಿ ಒಡೆದು ತೋರುತ್ತಿತ್ತು. ಇಎನ್‌ಬಿ ಅಂಕಗಳನ್ನು ಪ್ರಕಟಿಸುವವರು ಇವು ಇಂಥ ಹವೆಯ ಮಾರ್ಪಾಡಿಗೆ ಮಾತ್ರ ಹೊಂದುವುವೆಂದು ಸೂಚಿಸುತ್ತಿದ್ದುದು ಇಂಥ ಅನುಭವಗಳಿಂದ ಹುಟ್ಟಿದ ವಿವೇಕ.

ಈಗ ಚರಿತ್ರಕಾರನಿಗೆ ನೇರವಾಗಿ ಸಂಬಂಧಪಟ್ಟ ಪ್ರಶ್ನೆಗೆ ಬರುತ್ತೇವೆ. ಆಟಗಾರರು ತಮ್ಮ ಆಟದ ದೃಶ್ಯಗಳನ್ನು ಚಿತ್ರವಾಗಿ ಹಿಡಿದು ಲಕ್ಷಗಟ್ಟಲೆ ಉಳಿಸಿದ್ದಾರೆ. ಈ ಚಿತ್ರಗಳನ್ನು ನೋಡಿ 2011ರ ಆಟಗಾರನು ಕಂಡ ಇರುಳು ಹೀಗಿತ್ತು ಎಂದು ಹೇಳಬಹುದೇ? ಹೇಳಲಾಗದು. ಮೂಲ ಸ್ಕೈರಿಮಿನ ಹೊಳಪಿನ ಪಟ್ಟಿಯು ಚಿತ್ರವನ್ನು ತಿದ್ದುತ್ತಿರಲಿಲ್ಲ. ಚಿತ್ರವು ಸಿದ್ಧವಾಗಿ ತೆರೆಗೆ ಹೊರಡುವ ಕೊನೆಯ ಘಟ್ಟದಲ್ಲಿ ಚಿತ್ರಯಂತ್ರದ ಗ್ಯಾಮಾ ಕೋಷ್ಟಕವನ್ನು ಬದಲಾಯಿಸುತ್ತಿತ್ತು. ಆಟವು ತೆರೆಯನ್ನು ಪೂರ್ಣವಾಗಿ ಆಕ್ರಮಿಸದೆ ಒಂದು ಚೌಕಟ್ಟಿನೊಳಗೆ ನಡೆಯುವಾಗ ಆ ಪಟ್ಟಿಯು ನಿಷ್ಫಲವಾಗುತ್ತಿದ್ದುದಕ್ಕೆ ಇದೇ ಕಾರಣ. ಹಿಡಿದ ಚಿತ್ರವಾದರೋ ಆ ಘಟ್ಟಕ್ಕಿಂತ ಹಿಂದಿನದು. ಪಟ್ಟಿಯನ್ನು ತುದಿಯವರೆಗೂ ಏರಿಸಿ ಹಾಡುಹಗಲಿನಂಥ ಇರುಳಿನಲ್ಲಿ ಅಲೆದವನ ಚಿತ್ರವೂ, ಪಟ್ಟಿಯನ್ನು ಮುಟ್ಟದೆ ತಡಕಾಡಿದವನ ಚಿತ್ರವೂ ಕಡತದಲ್ಲಿ ಒಂದೇ ಆಗಿರುತ್ತವೆ. ಇಎನ್‌ಬಿ ಮುಂತಾದುವುಗಳಾದರೋ ಚಿತ್ರವನ್ನು ಅದು ಸಿದ್ಧವಾಗುವ ಮೊದಲೇ ತಿದ್ದುವುದರಿಂದ ಅವುಗಳ ಗುರುತು ಚಿತ್ರದಲ್ಲಿ ಉಳಿಯುತ್ತದೆ. ಇದರ ಫಲಿತಾಂಶವನ್ನು ಗಮನಿಸಬೇಕು. ಶ್ರಮಪಟ್ಟು ಮಾರ್ಪಾಡು ಮಾಡಿಕೊಂಡವರು ಕಂಡ ಬೆಳಕಿಗೆ ದಾಖಲೆಯಿದೆ. ಪಟ್ಟಿಯನ್ನು ಸರಿಸಿ ಸುಮ್ಮನೆ ಆಡಿದ ಬಹುಸಂಖ್ಯಾತರು ಕಂಡ ಬೆಳಕಿಗೆ ದಾಖಲೆಯಿಲ್ಲ. ಅರಮನೆಯ ವೃತ್ತಾಂತ ಉಳಿದು ಊರಿನ ವೃತ್ತಾಂತ ಅಳಿಯುವ ಹಳೆಯ ಕಥೆ ಇಲ್ಲಿಯೂ ನಡೆದಿದೆ.

ಈ ಕೊರತೆಯನ್ನು ತುಂಬಬಲ್ಲ ಆಕರವೊಂದುಂಟು. ಪಟ್ಟಿಯ ಸ್ಥಾನವನ್ನು ಸ್ಕೈರಿಮ್ ತನ್ನ ಐಎನ್‌ಐ ಕಡತದಲ್ಲಿ ಎಫ್‌ಗ್ಯಾಮಾ ಎಂಬ ಹೆಸರಿನ ಒಂದು ಸಾಲಿನಲ್ಲಿ ಬರೆದಿಡುತ್ತದೆ. ಅದರ ಸಾಮಾನ್ಯ ಬೆಲೆ 1. ಆಟಗಾರನ ಇರುಳಿನ ಮಟ್ಟಿಗೆ ಸಾವಿರ ಚಿತ್ರಗಳಿಗಿಂತ ಈ ಒಂದು ಸಾಲು ಹೆಚ್ಚು ಪ್ರಮಾಣವುಳ್ಳದ್ದು. ಆದರೆ ಜನರು ಚಿತ್ರಗಳನ್ನು ಉಳಿಸುತ್ತಾರೆ, ಆಟದ ಮಧ್ಯೆ ಕಾಪಿಟ್ಟ ಘಟ್ಟಗಳನ್ನು ಉಳಿಸುತ್ತಾರೆ. ಐಎನ್‌ಐ ಕಡತವನ್ನು ಉಳಿಸುವವರು ಯಾರು? ಗಣಕವನ್ನು ಬದಲಾಯಿಸಿದ ದಿನ ಅದು ಹೋಗುತ್ತದೆ. ಮಾರ್ಪಾಡುಗಳ ಸ್ಥಿತಿ ಇದಕ್ಕಿಂತ ವಾಸಿ. ಅವುಗಳ ದೊಡ್ಡ ಭಂಡಾರವಾದ ನೆಕ್ಸಸ್ 2021ರಲ್ಲಿ ತನ್ನ ಪದ್ಧತಿಯನ್ನು ಬದಲಾಯಿಸಿ, ಕರ್ತೃಗಳು ತೆಗೆದುಹಾಕಿದ ಕಡತಗಳನ್ನೂ ಪೂರ್ಣವಾಗಿ ಅಳಿಸದೆ ಒಳಗೆ ಕಾಪಿಡುವುದಾಗಿ ಸಾರಿತು. ಒಪ್ಪದವರಿಗೆ ತಮ್ಮ ಕೃತಿಗಳನ್ನು ಹಿಂದಕ್ಕೆ ಪಡೆಯಲು ಒಂದು ಅವಧಿಯನ್ನೂ ಕೊಟ್ಟಿತು. ಕರ್ತೃವಿನ ಹಕ್ಕು ದೊಡ್ಡದೋ ಭಂಡಾರದ ಅಖಂಡತೆ ದೊಡ್ಡದೋ ಎಂದು ಆಗ ನಡೆದ ವಾಗ್ವಾದ ತೀವ್ರವಾದುದು. ಹಲವರು ತಮ್ಮ ಕೃತಿಗಳನ್ನು ತೆಗೆದುಕೊಂಡು ಹೋದರು. ಸಂಶೋಧಕನ ಪಕ್ಷಪಾತ ಯಾವ ಕಡೆಗೆಂಬುದನ್ನು ಹೇಳಬೇಕಾಗಿಲ್ಲ. ಆದರೂ ಕರ್ತೃಗಳ ದೂರು ನಿರಾಧಾರವಾದುದೆಂದು ನಾವು ಹೇಳಲಾರೆವು.

ಇನ್ನು ಶುದ್ಧಪಾಠದ ಪ್ರಶ್ನೆ. ಕತ್ತಲೆಯ ಪಕ್ಷದವರು ತಮ್ಮದೇ ಆಟದ ನಿಜವಾದ ಆಶಯಕ್ಕೆ ಹತ್ತಿರವೆಂದೂ, ಪಟ್ಟಿಯನ್ನು ಏರಿಸುವವರು ಆಟವನ್ನು ಕೆಡಿಸುವವರೆಂದೂ ಬರೆಯುವುದನ್ನು ಎಷ್ಟೋ ಕಡೆ ನೋಡುತ್ತೇವೆ. ಈ ಮಾತನ್ನು ಒಪ್ಪಲು ಎರಡು ಅಡ್ಡಿಗಳಿವೆ. ಮೊದಲನೆಯದಾಗಿ, ಮೂಲಕರ್ತೃಗಳು ಉದ್ದೇಶಿಸಿದ ಕತ್ತಲೆ ಎಂಬುದು ಯಾವ ತೆರೆಯ ಮೇಲಿನದು? ಮಾರೋವಿಂಡಿನ ಕಾಲದಲ್ಲಿ ಸಾಮಾನ್ಯವಾಗಿದ್ದ ಗಾಜಿನ ಕೊಳವೆಯ ತೆರೆಯು ಕತ್ತಲೆಯ ಕೋಣೆಯಲ್ಲಿ ಆಳವಾದ ಕಪ್ಪನ್ನು ತೋರುತ್ತಿತ್ತು. ಅನಂತರ ಬಂದ ಅಗ್ಗದ ಚಪ್ಪಟೆ ತೆರೆಗಳಲ್ಲಿ ಕಪ್ಪೆಂಬುದು ಹಿಂದಿನ ದೀಪದಿಂದ ಬೂದಿಯಾಗಿಯೇ ಕಾಣುತ್ತಿತ್ತು. ತಲೆಯನ್ನು ಸ್ವಲ್ಪ ಎತ್ತಿದರೆ ಇಳಿಸಿದರೆ ಅದೂ ಬದಲಾಗುತ್ತಿತ್ತು. 32, 35, 42 ಎಂಬ ಅಂಕಗಳು ಇಂದಿಗೂ ಅವೇ. ಅವುಗಳಿಂದ ಹುಟ್ಟುವ ಇರುಳು ಮಾತ್ರ ಬೇರೆ. ಎರಡನೆಯದಾಗಿ, ದೃಷ್ಟಿ ಮಂದವಾದವರು, ವಯಸ್ಸಾದವರು, ಬಿಸಿಲು ಬೀಳುವ ಕೋಣೆಯಲ್ಲಿ ಕುಳಿತವರು ಪಟ್ಟಿಯನ್ನು ಏರಿಸುವುದು ಇತರರು ಸಹಜವಾಗಿ ಕಾಣುವುದನ್ನೇ ಕಾಣುವುದಕ್ಕಾಗಿ. ಅವರ ಪಾಠವನ್ನು ಭ್ರಷ್ಟಪಾಠವೆಂದು ಕರೆಯುವುದು ಅನ್ಯಾಯ. ಚಿತ್ರದ ಗುರುತು ಮಸಕಾಗಿ ಕಾಣುವವರೆಗೆ ಪಟ್ಟಿಯನ್ನು ಸರಿಸಿರಿ ಎಂದು ಅನೇಕ ಆಟಗಳು ಪ್ರಾರಂಭದಲ್ಲಿಯೇ ಕೇಳುವುದುಂಟು. ಯಾರ ಕಣ್ಣಿಗೆ ಮಸಕು ಎಂಬುದನ್ನು ಆಟಗಾರನಿಗೇ ಬಿಟ್ಟಿರುವ ಈ ಪದ್ಧತಿಯು ಕತ್ತಲೆಯ ಅಳತೆಗೋಲು ತೆರೆಯಲ್ಲಿಲ್ಲ, ನೋಡುವವನಲ್ಲಿದೆ ಎಂಬುದನ್ನು ಮೊದಲೇ ಒಪ್ಪಿಕೊಂಡಿದೆ. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯವರು 2012ರಲ್ಲಿ ತಂದ ಡ್ರ್ಯಾಗನ್ಸ್ ಡಾಗ್ಮಾ ಎಂಬ ಆಟದಲ್ಲಿ ಇರುಳನ್ನು ನಿಜವಾಗಿಯೂ ಕಪ್ಪಾಗಿಸಿ, ಎಣ್ಣೆ ತೀರುವ ಲಾಂದ್ರವನ್ನು ಆಟಗಾರನ ಸೊಂಟಕ್ಕೆ ಕಟ್ಟಿದರು. ಕರ್ತೃಗಳಿಗೆ ಮನಸ್ಸಿದ್ದರೆ ಅದು ಸಾಧ್ಯವಿದ್ದಿತೆಂಬುದಕ್ಕೆ ಇದು ಸಾಕ್ಷಿ. ಅಲ್ಲಿಯೂ ಹೊಳಪಿನ ಪಟ್ಟಿಯನ್ನು ಯಾರೂ ಕಿತ್ತುಹಾಕಲಿಲ್ಲ.

2016ರಲ್ಲಿ ಸ್ಕೈರಿಮಿನ ಪರಿಷ್ಕೃತ ಆವೃತ್ತಿಯು ಹೊಸ ಚಿತ್ರವ್ಯವಸ್ಥೆಯೊಡನೆ ಬಂದಾಗ ಹಳೆಯ ಮಾರ್ಪಾಡುಗಳನ್ನು ಮತ್ತೆ ಒಗ್ಗಿಸಬೇಕಾಯಿತು. ಇಎನ್‌ಬಿಯ ಹಳೆಯ ಅಂಕಗಳು ಅಲ್ಲಿ ಹೊಂದಲಿಲ್ಲ. ದೀಪಗಳ ಸಂಖ್ಯೆಯ ಮಿತಿಯನ್ನೇ ಮೀರಿಸುವ ಉಪಾಯಗಳನ್ನು ಆಟಗಾರರು ಕಾಲಕ್ರಮದಲ್ಲಿ ಕಂಡುಹಿಡಿದರು. ಮಾರೋವಿಂಡಿನ ವಿಷಯದಲ್ಲಿ 2008ರಿಂದ ಬೆಳೆದುಬಂದ ಓಪನ್‌ಎಮ್‌ಡಬ್ಲ್ಯು ಎಂಬ ಸ್ವತಂತ್ರ ಯಂತ್ರಭಾಗವು ಎಂಟು ದೀಪಗಳ ಹಳೆಯ ಮಿತಿಯನ್ನು ಆಟಗಾರನೇ ಬದಲಾಯಿಸಬಹುದಾದ ಒಂದು ಅಂಕವನ್ನಾಗಿ ಮಾಡಿತು. ಬದಲಾಯಿಸದಿದ್ದರೆ ಎಂಟೇ ಉಳಿಯುತ್ತದೆ. ಹಳೆಯ ಕೊರತೆಯನ್ನು ಅಳಿಸಿಬಿಡದೆ ಬೇಕಾದವರಿಗೆ ಹಾಗೆಯೇ ಉಳಿಸಿಕೊಟ್ಟ ಈ ಕ್ರಮವು ಗ್ರಂಥಸಂಪಾದಕರು ಅಡಿಟಿಪ್ಪಣಿಯಲ್ಲಿ ಪಾಠಾಂತರವನ್ನು ಕಾಪಾಡುವ ಕ್ರಮಕ್ಕೆ ಬಹಳ ಸಮೀಪವಾದುದು. ಏಪ್ರಿಲ್ 22, 2025ರಂದು ಒಬ್ಲಿವಿಯನ್ ಆಟವನ್ನು ವರ್ಚುವೋಸ್ ಸಂಸ್ಥೆಯ ಸಹಾಯದಿಂದ ಪುನಃ ಹೊರತಂದಾಗ ಬೇರೆ ಹಾದಿಯನ್ನು ಹಿಡಿದರು. ಅಲ್ಲಿ 2006ರ ಯಂತ್ರಭಾಗವು ಒಳಗೆ ನಡೆಯುತ್ತಲೇ ಇದೆ. ನಡೆ, ಮಾತು, ಕಾಳಗಗಳ ಲೆಕ್ಕವು ಅದರದು. ಕಣ್ಣಿಗೆ ಕಾಣುವ ಬೆಳಕನ್ನು ಮಾತ್ರ ಅನ್‌ರಿಯಲ್ 5 ಎಂಬ ಬೇರೊಂದು ಯಂತ್ರಭಾಗವು ಬೀರುತ್ತದೆ. ಹಳೆಯ ಒಬ್ಲಿವಿಯನ್ನಿನ ಇರುಳನ್ನು ಅರಿಯಬಯಸುವವನು ಈ ಹೊಸ ಪ್ರತಿಯನ್ನು ಬದಿಗಿಟ್ಟು, 2006ರ ಪ್ರತಿಯನ್ನು, ಸಾಧ್ಯವಾದರೆ ಆ ಕಾಲದ ತೆರೆಯೊಂದರ ಮೇಲೆ, ಪಟ್ಟಿಯ ಸ್ಥಾನವನ್ನು ಗುರುತು ಹಾಕಿಕೊಂಡು ನೋಡಬೇಕಾಗುತ್ತದೆ.